ಕಾಡು ಎಲ್ಲಿಗೆ ಹೋಯಿತು? ಮ್ಯಾಕ್‌ಬೆತ್ ಸಿನಿಮಾಗಳನ್ನು ನೋಡುವ ಒಂದು ಬಗೆ

ಮೈಸೂರಿನ ಹವ್ಯಾಸಿ ತಂಡವೊಂದರಲ್ಲಿ ಇಪ್ಪತ್ತು ವರ್ಷ ಲೈಟಿಂಗ್ ಮಾಡಿದವನು ನಾನು. ನಾವು ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕ ಆಡಿದಾಗ ಬಾಗಿಲು ಬಡಿಯುವ ಕೆಲಸವೂ ನನಗೇ ಬಂತು. ಮಾಟಗಾತಿಯರ ಭವಿಷ್ಯ ಕೇಳಿ, ಹೆಂಡತಿಯ ಒತ್ತಾಯಕ್ಕೆ ಸೇನಾನಿ ಮ್ಯಾಕ್‌ಬೆತ್ ತನ್ನ ರಾಜನನ್ನೇ ಕೊಂದಿದ್ದಾನೆ. ಗಂಡ ಹೆಂಡತಿ ಇಬ್ಬರ ಕೈಯೂ ರಕ್ತ. ಆಗ ಕೋಟೆಯ ಬಾಗಿಲನ್ನು ಯಾರೋ ಬಡಿಯುತ್ತಾರೆ. ಸ್ಟೇಜಿನ ಪಕ್ಕದ ಮರೆಯಲ್ಲಿ ನನ್ನ ಒಂದು ಕೈ ಲೈಟ್ ಏರಿಸಿ ಇಳಿಸುವ ಡಿಮ್ಮರ್ ಮೇಲೆ, ಇನ್ನೊಂದು ಕೈಯಲ್ಲಿ ಸುತ್ತಿಗೆ, ಮುಂದೆ ಒಂದು ಮರದ ಹಲಗೆ. ಮೊದಲ ಶೋನಲ್ಲಿ ಹಿಂದಿನ ಸಾಲಿನವರು ಹಾಲ್‌ನ ಬಾಗಿಲ ಕಡೆ ತಿರುಗಿ ನೋಡಿದರು. ಆ ಬಡಿತ ಸಿನಿಮಾದಲ್ಲಿ ಏನಾಗುತ್ತದೆ ಅಂತ ಹುಡುಕುತ್ತಾ ಹೋಗಿಯೇ ನನಗೆ ಈ ಅಭ್ಯಾಸ ಹತ್ತಿದ್ದು.

ನಾಟಕದಿಂದ ಮಾಡಿದ ಸಿನಿಮಾ ನೋಡಿ ಎದ್ದ ಕೂಡಲೇ ‘ಅದನ್ನು ಬಿಟ್ಟುಬಿಟ್ಟಿದ್ದಾರೆ’ ಅನ್ನುತ್ತೇವೆ, ಅಲ್ವಾ? ಆ ಮಾತನ್ನು ಸ್ವಲ್ಪ ತಡೆಯಿರಿ. ಅದನ್ನು ಎಲ್ಲಿ ಇಟ್ಟಿದ್ದಾರೆ ಅಂತ ಕೇಳಿಕೊಳ್ಳಿ. ಮುಂದಿನದೆಲ್ಲ ಈ ಪ್ರಶ್ನೆ ಹಿಡಿದುಕೊಂಡೇ ಮಾಡುವ ಕೆಲಸ.

ಮೊದಲು ನಾಟಕವನ್ನು ಗಟ್ಟಿಯಾಗಿ ಓದಿ. ಶೇಕ್ಸ್‌ಪಿಯರನ ದುರಂತ ನಾಟಕಗಳಲ್ಲಿ ಇದು ಎಲ್ಲಕ್ಕಿಂತ ಚಿಕ್ಕದು, ಎರಡು ಸಂಜೆಯಲ್ಲಿ ಮುಗಿಯುತ್ತದೆ. ಕನ್ನಡದಲ್ಲಿ ಡಿವಿಜಿ ಅವರ ಅನುವಾದ ಇದೆ, ರಾಮಚಂದ್ರ ದೇವ ಅವರದೂ ಇದೆ. ನಿಮ್ಮ ಬಾಯಿಗೆ ಯಾವುದು ಒಗ್ಗುತ್ತದೋ ಅದನ್ನು ತೆಗೆದುಕೊಳ್ಳಿ. ನಮ್ಮ ಮನೆಯಲ್ಲಿ ನಾನು, ನನ್ನ ಹೆಂಡತಿ, ತಂಗಿಯ ಮಗಳು ಮೂವರೇ ಎಲ್ಲ ಪಾತ್ರ ಹಂಚಿಕೊಂಡು ಓದಿದೆವು. ಗಟ್ಟಿಯಾಗಿ ಓದಿದರೆ ಒಂದು ವಿಷಯ ತಟ್ಟನೆ ಹೊಳೆಯುತ್ತದೆ: ರಾಜನ ಕೊಲೆ ರಂಗದ ಮೇಲೆ ನಡೆಯುವುದೇ ಇಲ್ಲ. ನಮಗೆ ಸಿಗುವುದು ಅದರ ಹಿಂದು ಮುಂದು ಮಾತ್ರ.

ಆಮೇಲೆ ಒಂದು ನೋಟ್‌ಬುಕ್ ತೆಗೆದುಕೊಂಡು ಎಡಗಡೆ ಒಂದರ ಕೆಳಗೆ ಒಂದು ಬರೆಯಿರಿ: ಮಾಟಗಾತಿಯರು, ಗಾಳಿಯಲ್ಲಿ ಕಾಣುವ ಕಠಾರಿ, ಬಾಗಿಲು ಬಡಿತ, ಮ್ಯಾಕ್‌ಬೆತ್ ಕೊಲ್ಲಿಸಿದ ಗೆಳೆಯ ಬ್ಯಾಂಕೋನ ಪ್ರೇತ ಊಟಕ್ಕೆ ಬಂದು ಕೂರುವುದು, ಹೆಂಡತಿ ನಿದ್ದೆಯಲ್ಲಿ ಕೈ ತೊಳೆಯುವುದು, ನಡೆದು ಬರುವ ಕಾಡು (ಕೊಂಬೆಗಳ ಮರೆಯಲ್ಲಿ ಬರುವ ಶತ್ರು ಸೈನ್ಯ). ಬಲಗಡೆ ಒಂದೊಂದು ಸಿನಿಮಾಗೂ ಒಂದೊಂದು ಕಾಲಂ ಬಿಡಿ. ವಾರಕ್ಕೆ ಒಂದೇ ಸಿನಿಮಾ ಸಾಕು. ಮೊದಲ ಸಲ ಎಲ್ಲೂ ನಿಲ್ಲಿಸದೆ ನೋಡಿ, ನೋಟ್‌ಬುಕ್ ಮುಚ್ಚಿಯೇ ಇರಲಿ.

ಶುರುವಿಗೆ ಅಕಿರಾ ಕುರೊಸಾವಾ ಅವರ ‘ಥ್ರೋನ್ ಆಫ್ ಬ್ಲಡ್’ ಒಳ್ಳೆಯದು. 1957ರ ಜಪಾನಿ ಚಿತ್ರ. ಕೋಟೆ, ಕುದುರೆ, ಯೋಧರು ಎಲ್ಲ ಇರುವುದರಿಂದ ನಾಟಕದ ದಾರಿ ತಪ್ಪುವುದಿಲ್ಲ. ಮೂರು ಮಾಟಗಾತಿಯರ ಜಾಗದಲ್ಲಿ ಕಾಡಿನೊಳಗೆ ರಾಟೆ ತಿರುಗಿಸುತ್ತಾ ಕೂತ ಒಂದೇ ಪ್ರೇತ. ಶೇಕ್ಸ್‌ಪಿಯರನ ಮಾತುಗಳನ್ನು ಕುರೊಸಾವಾ ಇಟ್ಟುಕೊಂಡೇ ಇಲ್ಲ. ‘ನೋ’ ಅನ್ನುವ ಜಪಾನಿನ ಹಳೆಯ ರಂಗಭೂಮಿಯ ಮುಖಭಾವ, ನಿಧಾನದ ನಡಿಗೆ, ಮೌನ ಆ ಕೆಲಸ ಮಾಡುತ್ತವೆ. ಕಾವಲುಗಾರರಿಗೆ ಕೊಡುವ ಮದ್ದು ಬೆರೆಸಿದ ‘ಸಾಕೆ’ (ಅಕ್ಕಿಯ ಮದ್ಯ) ತರಲು ನಾಯಕನ ಹೆಂಡತಿ ಅಸಾಜಿ ಕತ್ತಲೆಯ ಬಾಗಿಲೊಳಗೆ ಹೋಗುತ್ತಾಳೆ. ಪೂರ್ತಿ ಕರಗಿಹೋಗುತ್ತಾಳೆ. ಮತ್ತೆ ಅದೇ ಕಪ್ಪಿನಿಂದ ಗಡಿಗೆ ಹಿಡಿದು ಹೊರಗೆ ಬರುತ್ತಾಳೆ. ಕಿವಿಗೆ ಬೀಳುವುದು ಅವಳ ರೇಷ್ಮೆ ಬಟ್ಟೆಯ ಸರಸರ ಸದ್ದು. ಇಷ್ಟನ್ನು ಸ್ಟೇಜ್ ಮೇಲೆ ತರಬೇಕು ಅಂದರೆ ನಾನು ಎಲ್ಲ ಲೈಟನ್ನೂ ಹತ್ತು ಎಣಿಸುವಷ್ಟು ಹೊತ್ತು ನಿಧಾನಕ್ಕೆ ಇಳಿಸಬೇಕಿತ್ತು. ಇಲ್ಲಿ ಒಂದು ಬಾಗಿಲು ಸಾಕಾಗಿದೆ. ಆ ದೃಶ್ಯವನ್ನು ಎಷ್ಟು ಸಲ ನೋಡಿದ್ದೇನೋ, ಇವತ್ತಿಗೂ ಮೈ ಜುಮ್ ಅನ್ನುತ್ತದೆ.

ಎರಡನೆಯ ವಾರ ವಿಶಾಲ್ ಭಾರದ್ವಾಜ್ ಅವರ ‘ಮಕ್ಬೂಲ್’. ಮುಂಬೈ ಭೂಗತ ಲೋಕ. ಇಲ್ಲಿ ಭವಿಷ್ಯ ಹೇಳುವವರು ಓಂ ಪುರಿ, ನಾಸಿರುದ್ದೀನ್ ಶಾ ಮಾಡಿರುವ ಇಬ್ಬರು ಪೊಲೀಸರು. ಕುಂಡಲಿ ಬರೆಯುತ್ತಾರೆ, ಜೊತೆಗೆ ತಾವೂ ಕೈ ಹಾಕುತ್ತಾರೆ. ಇನ್ನೂ ದೊಡ್ಡ ಬದಲಾವಣೆ ತಬು ಮಾಡಿರುವ ನಿಮ್ಮಿಯದು. ಅವಳು ನಾಯಕನ ಹೆಂಡತಿ ಅಲ್ಲ, ಡಾನ್ ಅಬ್ಬಾಜಿ ಇಟ್ಟುಕೊಂಡವಳು. ಹಾಗಾಗಿ ಕೊಲೆಗೆ ಅಧಿಕಾರದ ಆಸೆಯ ಜೊತೆ ಪ್ರೀತಿಯೂ ಸೇರಿಕೊಳ್ಳುತ್ತದೆ. ಇದರಿಂದ ಇರ್ಫಾನ್ ಖಾನ್ ಅವರ ಮಕ್ಬೂಲ್ ಮೇಲೆ ನಮಗೆ ಕನಿಕರ ಜಾಸ್ತಿ ಆಗುತ್ತದೆ. ಕಾಡಿನ ಜಾಗಕ್ಕೆ ಸಮುದ್ರ ಬಂದಿದೆ. ಮುಂಬೈಗೆ ಅದಕ್ಕಿಂತ ಸರಿಯಾದದ್ದು ಇನ್ನೇನಿದೆ!

ಮೂರನೆಯದು ದಿಲೀಶ್ ಪೋತನ್ ಅವರ ಮಲಯಾಳಂ ಚಿತ್ರ ‘ಜೋಜಿ’, 2021ರದ್ದು. ನೋಟ್‌ಬುಕ್ ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ, ಯಾಕೆಂದರೆ ಮೇಲೆ ನೋಡಿದರೆ ಏನೂ ಉಳಿದಿಲ್ಲ. ಮಾಟಗಾತಿಯರಿಲ್ಲ, ರಾಜ್ಯವಿಲ್ಲ. ತೋಟದ ಮನೆ, ಗಟ್ಟಿ ಅಪ್ಪ, ಮೂವರು ಗಂಡುಮಕ್ಕಳು, ಕೊನೆಯವನು ಜೋಜಿ. ಕಾಡು ನಡೆದು ಬರಬೇಕಾಗಿಲ್ಲ, ಮೊದಲಿನಿಂದಲೂ ಮರಗಳು ಮನೆಯನ್ನು ಸುತ್ತಿಕೊಂಡೇ ಇವೆ. ಅತ್ತಿಗೆ ಬಿನ್ಸಿಯ ಮೇಲೆ ಕಣ್ಣಿಡಿ. ಸುಮ್ನೆ ಅಡುಗೆಮನೆಯಲ್ಲಿ ಓಡಾಡುತ್ತಿರುತ್ತಾಳೆ, ಆಡುವ ಮಾತು ಎರಡೋ ಮೂರೋ. ಕತೆ ನಡೆಯುವುದು ಕೋವಿಡ್ ಕಾಲದಲ್ಲಿ. ಸಾವಿನ ಮನೆಯಲ್ಲಿ ಅವಳು ಜೋಜಿಗೆ ಮಾಸ್ಕ್ ಹಾಕಿಕೊಳ್ಳಲು ಹೇಳುತ್ತಾಳೆ. ಈಗ ನಾಟಕದ ಮೂರನೇ ಅಂಕ ತೆರೆಯಿರಿ. ನಮ್ಮ ಮುಖವನ್ನೇ ಮನಸ್ಸಿಗೆ ಮುಖವಾಡ ಮಾಡಿಕೊಳ್ಳೋಣ ಅಂತ ಮ್ಯಾಕ್‌ಬೆತ್ ಹೆಂಡತಿಗೆ ಹೇಳುವ ಮಾತು ಅಲ್ಲಿದೆ. ನನ್ನ ಪಟ್ಟಿಯಲ್ಲಿ ಇದು ಇರಲೇ ಇಲ್ಲ. ಅವತ್ತೇ ‘ಮುಖವಾಡ’ ಅಂತ ಏಳನೇ ಸಾಲು ಸೇರಿಸಿದೆ. ನಿಮ್ಮ ಪಟ್ಟಿಯೂ ಹೀಗೆ ಬೆಳೆಯಬೇಕು.

ಸಿಕ್ಕಿದರೆ ಅಭಯ ಸಿಂಹ ಅವರ ತುಳು ಚಿತ್ರ ‘ಪಡ್ಡಾಯಿ’ಯನ್ನೂ ನೋಡಿ. ಹೆಸರಿನ ಅರ್ಥ ಪಡುವಣ. ಕರಾವಳಿಯ ಮೀನುಗಾರರ ನಡುವೆ ಮ್ಯಾಕ್‌ಬೆತ್ ಹೇಗಿರುತ್ತಾನೆ ಅಂತ ತೋರಿಸುತ್ತದೆ.

ಸಿನಿಮಾ ಮುಗಿದ ಮಾರನೇ ದಿನ ಎರಡೇ ದೃಶ್ಯ ಮತ್ತೆ ಹಾಕಿ: ಕೊಲೆಗೆ ಸ್ವಲ್ಪ ಮೊದಲಿನದು, ಸ್ವಲ್ಪ ಆಮೇಲಿನದು. ಒಮ್ಮೆ ಸೌಂಡ್ ತೆಗೆದು ನೋಡಿ, ಬೆಳಕು ಯಾವ ಕಡೆಯಿಂದ ಬರುತ್ತಿದೆ, ಯಾರ ಮುಖ ಕತ್ತಲಲ್ಲಿದೆ ಅಂತ ಗಮನಿಸಿ. ಇನ್ನೊಮ್ಮೆ ಕಣ್ಣು ಮುಚ್ಚಿ ಬರೀ ಕೇಳಿ. ಹತ್ತು ಹದಿನೈದು ನಿಮಿಷದ ಕೆಲಸ. ಕಾಲಂ ತುಂಬುವುದು ಈಗ. ಮನೆಯವರು ಬೇರೆ ಉತ್ತರ ಕೊಟ್ಟರೆ ಅದನ್ನೂ ಪಕ್ಕದಲ್ಲೇ ಬರೆಯಿರಿ.

ನನ್ನ ನೋಟ್‌ಬುಕ್ಕಿನಲ್ಲಿ ‘ಜೋಜಿ’ಯ ಕಾಲಂನಲ್ಲಿ ಬಾಗಿಲು ಬಡಿತದ ಜಾಗ ತುಂಬ ದಿನ ಖಾಲಿ ಇತ್ತು. ತಂಗಿಯ ಮಗಳು ಪೆನ್ಸಿಲ್ಲಿನಲ್ಲಿ ‘ಕೊರಿಯರ್’ ಅಂತ ಬರೆದಿದ್ದಾಳೆ. ಸಿನಿಮಾದ ಶುರುವಿಗೇ ಆ ಮನೆಗೆ ಏರ್‌ಗನ್ ಇರುವ ಪಾರ್ಸೆಲ್ ಬರುತ್ತದೆ. ಬಡಿತ ಕೊಲೆ ಆದಮೇಲೆ ಕೇಳಬೇಕು, ಇದು ಮೊದಲೇ ಬಂತಲ್ಲ ಅಂತ ನಾನು. ‘ಮಾಮ, ಅದಕ್ಕೇ ಹೇಳಿದ್ದು’ ಅಂತ ಅವಳು. ಅಳಿಸದೆ ಹಾಗೇ ಬಿಟ್ಟಿದ್ದೇನೆ.