ಮೆಜೆಸ್ಟಿಕ್‌ನಲ್ಲಿ ರೈಲು, ಮೆಟ್ರೊ, ಬಸ್ಸು: ಒಂದರಿಂದ ಇನ್ನೊಂದಕ್ಕೆ ಹೋಗುವುದು ಹೇಗೆ?

ಮೆಜೆಸ್ಟಿಕ್‌ನಲ್ಲಿ ಸುಮ್ಮನೆ ಸುತ್ತಾಡುವುದು ತಪ್ಪಬೇಕೆಂದರೆ, ರೈಲು ನಿಲ್ಲುವ ಮೊದಲೇ ಒಂದು ವಿಷಯ ತೀರ್ಮಾನಿಸಿಕೊಂಡಿರಬೇಕು. ಹೊರಗೆ ಹೋಗುವುದು ಮುಂಬಾಗಿಲಿನಿಂದಲೋ, ಹಿಂಬಾಗಿಲಿನಿಂದಲೋ? ಮಿಕ್ಕಿದ್ದೆಲ್ಲ ಇದರ ಮೇಲೆಯೇ ನಿಂತಿದೆ. ಬೆಂಗಳೂರಲ್ಲೇ ಹುಟ್ಟಿ ಬೆಳೆದವರಿಗೂ ಎಷ್ಟೋ ಸಲ ಇದು ಗೊತ್ತಿರುವುದಿಲ್ಲ.

ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದಲ್ಲಿ 10 ಪ್ಲಾಟ್‌ಫಾರಂಗಳಿವೆ. 1ನೇ ಪ್ಲಾಟ್‌ಫಾರಂ ಇರುವುದು ಮುಂಬಾಗಿಲ ಕಡೆ, ಅಂದರೆ ಬಸ್ ನಿಲ್ದಾಣದ ಎದುರು. 10ನೆಯದು ಹಿಂಬದಿಯಲ್ಲಿದೆ. ಆ ಹಿಂಬದಿಗೆ ಹತ್ತಿಕೊಂಡೇ ಇನ್ನೊಂದು ಮೆಟ್ರೊ ನಿಲ್ದಾಣವಿದೆ. ಅದರ ಹೆಸರೂ ಸಂಗೊಳ್ಳಿ ರಾಯಣ್ಣನದೇ. ಅಲ್ಲಿ ನೇರಳೆ ಮಾರ್ಗದ ರೈಲು ಮಾತ್ರ ಸಿಗುತ್ತದೆ. ನೇರಳೆ, ಹಸಿರು ಎರಡೂ ಸೇರುವ ದೊಡ್ಡ ನಿಲ್ದಾಣ ‘ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್’. ಅದು ಮುಂಬದಿಯಲ್ಲಿ, ಬಸ್ ನಿಲ್ದಾಣದ ಪಕ್ಕದಲ್ಲಿ ನೆಲದಡಿ ಇದೆ. ಎರಡಕ್ಕೂ ನಡುವೆ ಒಂದೇ ಸ್ಟಾಪಿನ ದೂರ.

ಮೊದಲು ಬಣ್ಣ ನೋಡಿಕೊಳ್ಳಿ

ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಹೋಗುತ್ತದೆ. ವಿಧಾನಸೌಧ, ಎಂ.ಜಿ. ರಸ್ತೆ, ಇಂದಿರಾನಗರ, ಸತ್ಯಸಾಯಿ ಆಸ್ಪತ್ರೆ ಎಲ್ಲವೂ ಇದರ ಮೇಲೇ ಬರುತ್ತವೆ. ಹಸಿರು ಮಾರ್ಗ ಮಾದಾವರದಿಂದ ರೇಷ್ಮೆ ಸಂಸ್ಥೆವರೆಗೆ. ಯಶವಂತಪುರ, ಮಲ್ಲೇಶ್ವರ, ಕೆ.ಆರ್. ಮಾರುಕಟ್ಟೆ, ಜಯನಗರದ ಕಡೆ ಹೋಗುವವರಿಗೆ ಇದು. ವಿಕ್ಟೋರಿಯಾ, ವಾಣಿವಿಲಾಸ ಆಸ್ಪತ್ರೆಗೆ ಹೋಗಬೇಕಾದವರು ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದಲ್ಲಿ ಎರಡನೇ ಸ್ಟಾಪು, ಅಂದರೆ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದರಾಯಿತು.

ಆಸ್ಪತ್ರೆಗಳ ಹೆಸರನ್ನು ಬೇಕೆಂದೇ ಬರೆದಿದ್ದೇನೆ. ಊರಿಂದ ಬೆಳಗಿನ ರೈಲಿಗೆ ಬಂದಿಳಿಯುವವರಲ್ಲಿ ಕೈಯಲ್ಲಿ ಎಕ್ಸ್‌ರೇ ಕವರು, ರಿಪೋರ್ಟಿನ ಫೈಲು ಹಿಡಿದವರು ಯಾವಾಗಲೂ ಇರುತ್ತಾರೆ. ಅವರಿಗೆ ದಾರಿ ಸುಲಭವಾಗಬೇಕು.

ನೇರಳೆ ಬೇಕಿದ್ದರೆ ಹಿಂಬಾಗಿಲು

10ನೇ ಪ್ಲಾಟ್‌ಫಾರಂ ಕಡೆಗೆ ನಡೆಯಿರಿ. ಅಲ್ಲಿಂದ ಪಾದಚಾರಿ ಮೇಲ್ಸೇತುವೆ ಹಿಡಿದರೆ ರಾಯಣ್ಣ ಮೆಟ್ರೊ ನಿಲ್ದಾಣ ಸಿಗುತ್ತದೆ. ರಸ್ತೆ ದಾಟುವ ಗೋಜಿಲ್ಲ.

ಹಸಿರು ಮಾರ್ಗ ಬೇಕಾದವರೂ, ರೈಲು 7, 8ನೇ ಪ್ಲಾಟ್‌ಫಾರಂನಲ್ಲೋ ಅದರಾಚೆಗೋ ನಿಂತಿದ್ದರೆ, ಇದೇ ದಾರಿ ಹಿಡಿಯುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಉದಾಹರಣೆಗೆ ಜಯದೇವ ಆಸ್ಪತ್ರೆಯನ್ನೇ ತೆಗೆದುಕೊಳ್ಳಿ. ರಾಯಣ್ಣ ನಿಲ್ದಾಣದಲ್ಲಿ ‘ಜಯದೇವ ಆಸ್ಪತ್ರೆ’ ಎಂದೇ ಟಿಕೆಟ್ ಕೇಳಿ, ವೈಟ್‌ಫೀಲ್ಡ್ ಕಡೆಯ ರೈಲು ಹತ್ತಿ. ಮುಂದಿನ ಸ್ಟಾಪೇ ಮೆಜೆಸ್ಟಿಕ್, ಇಳಿಯಿರಿ. ಹಸಿರು ಮಾರ್ಗದ ಪ್ಲಾಟ್‌ಫಾರಂ ಅದಕ್ಕಿಂತ ಕೆಳಗಿನ ಅಂತಸ್ತಿನಲ್ಲಿದೆ. ಹಸಿರು ಬಾಣದ ಗುರುತು ನೋಡುತ್ತಾ ಇಳಿದು ರೇಷ್ಮೆ ಸಂಸ್ಥೆ ಕಡೆಯ ರೈಲು ಹಿಡಿಯಿರಿ. ಆರ್.ವಿ. ರಸ್ತೆಯಲ್ಲಿ ಇಳಿದು ಬೊಮ್ಮಸಂದ್ರ ಕಡೆಗೆ ಹೋಗುವ ಹಳದಿ ಮಾರ್ಗಕ್ಕೆ ಬದಲಿಸಿ. 2025ರ ಆಗಸ್ಟ್‌ನಲ್ಲಿ ಶುರುವಾದ ಮಾರ್ಗ ಅದು. ರಾಗಿಗುಡ್ಡದ ನಂತರದ ಸ್ಟಾಪೇ ಜಯದೇವ.

ಎರಡು ಕಡೆ ರೈಲು ಬದಲಿಸಿದರೂ ಟಿಕೆಟ್ ಒಂದೇ. ಆದರೆ ಮೆಜೆಸ್ಟಿಕ್‌ನಲ್ಲಿ ಜನರ ಹಿಂದೆಯೇ ಹೋಗಿ ಗೇಟು ದಾಟಿಬಿಟ್ಟರೆ ಟಿಕೆಟ್ ಅಲ್ಲಿಗೇ ಮುಗಿಯಿತು, ಮತ್ತೆ ದುಡ್ಡು ಕೊಡಬೇಕು. ಮಾರ್ಗ ಬದಲಿಸುವವರಿಗೆ ಗೇಟಿನ ಕಡೆ ಕೆಲಸವೇ ಇಲ್ಲ.

ಎಸ್ಕಲೇಟರ್ ಅಭ್ಯಾಸವಿಲ್ಲದ ಹಿರಿಯರು ಜೊತೆಗಿದ್ದರೆ ಅವಸರ ಮಾಡಬೇಡಿ. ಒಂದು ಕಾಲು ಮುಂದಿಟ್ಟು, ಹಿಂದೆಗೆದು, ಸೆರಗು ಬಿಗಿಹಿಡಿದು ನಿಂತುಬಿಡುವ ಅಜ್ಜಿಯರನ್ನು ಅಲ್ಲಿ ದಿನವೂ ನೋಡಬಹುದು. ಹಿಂದಿನಿಂದ ಯಾರೋ ‘ಬೇಗ, ಬೇಗ’ ಅಂದರೆ ಅವರ ಭಯ ಇನ್ನಷ್ಟು ಹೆಚ್ಚುತ್ತದೆ. ಲಿಫ್ಟ್ ಇದೆ. ಎಲ್ಲೆಂದು ಭದ್ರತಾ ಸಿಬ್ಬಂದಿಯನ್ನು ಕೇಳಿ, ತೋರಿಸುತ್ತಾರೆ.

ಬಸ್ಸಿಗಾದರೆ ಮುಂಬಾಗಿಲು

1ನೇ ಪ್ಲಾಟ್‌ಫಾರಂ ಕಡೆಯಿಂದ ಹೊರಬಂದರೆ ಎದುರಿಗೇ ಕೆಂಪೇಗೌಡ ಬಸ್ ನಿಲ್ದಾಣ. ರಸ್ತೆಯ ಅಡಿಯಲ್ಲಿ ಸುರಂಗಮಾರ್ಗವಿದೆ, ಅದರಲ್ಲೇ ಹೋಗಿ. ಲಗೇಜು ಹಿಡಿದು, ಮಗುವನ್ನು ಎತ್ತಿಕೊಂಡು ಮೇಲಿನ ರಸ್ತೆಯ ಬಸ್ಸುಗಳ ನಡುವೆ ನುಗ್ಗುವವರನ್ನು ಕಂಡರೆ ಜೀವ ಬಾಯಿಗೆ ಬರುತ್ತದೆ.

ಒಂದು ಕಾಲದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎದ್ದ ನಿಲ್ದಾಣ ಇದು. ಒಂದು ಭಾಗ ನಗರದ ಬಿಎಂಟಿಸಿ ಬಸ್ಸುಗಳಿಗೆ, ಇನ್ನೊಂದು ಭಾಗ ಊರೂರಿಗೆ ಹೋಗುವ ಕೆಎಸ್‌ಆರ್‌ಟಿಸಿ ಬಸ್ಸುಗಳಿಗೆ. ಬಿಎಂಟಿಸಿ ಕಡೆ ಪ್ಲಾಟ್‌ಫಾರಂ ಸಂಖ್ಯೆ ಮುಖ್ಯ, ಅದನ್ನು ವಿಚಾರಣಾ ಕೌಂಟರಿನಲ್ಲೇ ಕೇಳಿ. ವಿಮಾನ ನಿಲ್ದಾಣಕ್ಕೆ ಹೋಗುವ ವಾಯುವಜ್ರದ ಸಂಖ್ಯೆ ಕೆಐಎ-9. ಶಕ್ತಿ ಯೋಜನೆಯ ಉಚಿತ ಪ್ರಯಾಣ ಇದರಲ್ಲಿ ಇಲ್ಲ, ಸಾಮಾನ್ಯ ಬಸ್ಸುಗಳಲ್ಲಿ ಮಾತ್ರ. ಕೆಎಸ್‌ಆರ್‌ಟಿಸಿ ಟಿಕೆಟ್ ಮೊದಲೇ ಬುಕ್ ಮಾಡಿದ್ದರೆ, ಹತ್ತುವ ಸ್ಥಳ ಮೆಜೆಸ್ಟಿಕ್ಕೋ, ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣವೋ ಎಂದು ಮನೆಯಲ್ಲೇ ನೋಡಿಕೊಳ್ಳಿ.

ಮೆಟ್ರೊ ಟಿಕೆಟ್ ಬಸ್ಸಿನಲ್ಲಿ ನಡೆಯುವುದಿಲ್ಲ, ಇವೆರಡೂ ರೈಲಿಗೆ ನಡೆಯುವುದಿಲ್ಲ. ಮೂರಕ್ಕೂ ಸಲ್ಲುವ ಒಂದೇ ಟಿಕೆಟ್ ಈ ನಗರಕ್ಕೆ ಬೇಗ ಬರಬೇಕು. ಅಲ್ಲಿಯವರೆಗೆ, ಮೆಟ್ರೊ ಕ್ಯೂಆರ್ ಟಿಕೆಟ್ ಅನ್ನು ವಾಟ್ಸ್‌ಆ್ಯಪ್‌ನಲ್ಲೇ ಮಾಡಿಸಿಕೊಂಡರೆ ಒಂದು ಸಾಲಾದರೂ ತಪ್ಪುತ್ತದೆ.

ಬೆಳಗಿನ ಜಾವ ಇಳಿಯುವವರಿಗೆ

ನೇರಳೆ, ಹಸಿರು ಮಾರ್ಗದ ಮೆಟ್ರೊ ಸಾಮಾನ್ಯ ದಿನ ಬೆಳಗ್ಗೆ 5ಕ್ಕೆ ಶುರುವಾಗುತ್ತದೆ. ಊರಿಂದ ವಾಪಸಾಗುವವರಿಗಾಗಿ ಸೋಮವಾರ 4.15ಕ್ಕೇ ಬಿಡುವ ವ್ಯವಸ್ಥೆ 2025ರ ಜನವರಿಯಲ್ಲಿ ಬಂತು. ಭಾನುವಾರ ಮಾತ್ರ 7 ಗಂಟೆಗೆ. ರಾತ್ರಿ ರೈಲಿನಲ್ಲಿ ಬಂದು ಭಾನುವಾರ ಐದೂವರೆಗೆ ಇಳಿದರೆ ಮೆಟ್ರೊ ಬಾಗಿಲಲ್ಲಿ ಕಾಯಬೇಡಿ, ಸೀದಾ ಮುಂಬಾಗಿಲಿನಿಂದ ಬಸ್ಸಿಗೆ ಹೋಗಿ.

ಮೆಜೆಸ್ಟಿಕ್‌ಗೆ ಬರಲೇಬೇಕೆಂದಿಲ್ಲ

ಬಂಗಾರಪೇಟೆ ಕಡೆಯಿಂದ ಬರುವ ಮೆಮು ರೈಲಿನವರು ನೇರಳೆ ಮಾರ್ಗಕ್ಕೆ ವೈಟ್‌ಫೀಲ್ಡ್‌ನಲ್ಲೋ ಕೆ.ಆರ್. ಪುರದಲ್ಲೋ ಇಳಿಯಬಹುದು, ಎರಡೂ ಕಡೆ ಮೆಟ್ರೊ ಹತ್ತಿರವೇ ಇದೆ. ತುಮಕೂರಿನಿಂದ ಬರುವವರು ಹಸಿರು ಮಾರ್ಗಕ್ಕೆ ಯಶವಂತಪುರದಲ್ಲಿ ಇಳಿದರೆ ಸಾಕು.

ವಾಪಸು ಹೋಗುವಾಗ

ರೈಲು ಹಿಡಿಯಲು ನೇರಳೆ ಮಾರ್ಗದಲ್ಲಿ ಬರುವವರು ಅಭ್ಯಾಸಬಲದಿಂದ ಮೆಜೆಸ್ಟಿಕ್‌ನಲ್ಲೇ ಇಳಿದುಬಿಡುತ್ತಾರೆ. ನಿಮ್ಮ ರೈಲು 1ನೇ ಪ್ಲಾಟ್‌ಫಾರಂ ಆಸುಪಾಸಿನಲ್ಲಿದ್ದರೆ ಅದು ಸರಿ. 10ರ ಕಡೆ ಇದ್ದರೆ ರಾಯಣ್ಣ ನಿಲ್ದಾಣದಲ್ಲಿ ಇಳಿಯಿರಿ. ಮೆಮು ಟಿಕೆಟ್ ಅನ್ನು ರೈಲ್‌ಒನ್ ಆ್ಯಪ್‌ನಲ್ಲಿ ಮೊದಲೇ ಮಾಡಿಕೊಳ್ಳಿ. ಹಸಿರು ಮಾರ್ಗದಿಂದ ಬರುವವರು, ಕೆಳಗಿನ ಅಂತಸ್ತಿನಿಂದ ಹತ್ತಿ ಬಂದು ಸುರಂಗಮಾರ್ಗ ದಾಟಿ ಪ್ಲಾಟ್‌ಫಾರಂ ಹುಡುಕಲು ಅರ್ಧ ಗಂಟೆಯಾದರೂ ಕೈಯಲ್ಲಿಟ್ಟುಕೊಳ್ಳಿ. ಸಂಜೆ ಆಫೀಸು ಬಿಡುವ ಹೊತ್ತಾದರೆ ಇನ್ನೂ ಸ್ವಲ್ಪ ಹೆಚ್ಚು.