ಸೈಕಲ್ಲಿನ ಹೊಟ್ಟೆಗೆ ಚೀಲ ಹೊಲಿಸಿದ್ದು

ನಾನು ಗಿಡ್ಡ. ಹಾಗಾಗಿ ನನ್ನ ಸೈಕಲ್ಲೂ ಗಿಡ್ಡ, 15 ಇಂಚಿನ ಫ್ರೇಮು. ಪೈಪುಗಳ ನಡುವಿನ ತ್ರಿಕೋನದಲ್ಲಿ ಎರಡು ನೀರಿನ ಬಾಟಲಿ ಹಿಡಿದರೆ ಹೆಚ್ಚು. ಹಿಂದೆ ಕ್ಯಾರಿಯರ್ ಕೂರಿಸಲು ಬೋಲ್ಟಿನ ತೂತೇ ಇಲ್ಲ. ಶಿರಸಿಯಿಂದ ಯಾಣದ ಕಡೆಗೋ, ದೇವಿಮನೆ ಘಟ್ಟ ಇಳಿದು ಕುಮಟೆಗೋ ಹೋಗಿ ಒಂದು ರಾತ್ರಿ ಉಳಿಯಬೇಕು ಅಂದರೆ ಸಾಮಾನೆಲ್ಲ ಬೆನ್ನ ಮೇಲೆ. ಘಟ್ಟ ಹತ್ತುವಾಗ ಆ ಬೆನ್ನುಚೀಲ ಸೊಂಟ ಮುರಿಯುತ್ತಿತ್ತು.

ಸೈಕಲ್ಲಿನ ಪೈಪಿಗೇ ಪಟ್ಟಿ ಸುತ್ತಿ ಬಿಗಿಯುವ ಬೈಕ್‌ಪ್ಯಾಕಿಂಗ್ ಚೀಲ ಇಂಥವರಿಗಾಗಿಯೇ ಇರುವುದು. ಭಾರದ ಸಾಮಾನು ಫ್ರೇಮಿನ ಒಳಗಿನ ಚೀಲಕ್ಕೆ, ಹಗುರದ್ದು ಸೀಟಿನ ಹಿಂದಿನ ಚೀಲಕ್ಕೆ. ಕ್ಯಾರಿಯರ್ ಬೇಡ, ಗಡಗಡ ಸದ್ದಿಲ್ಲ. ನಾನೂ ಮೊದಲು ಆನ್‌ಲೈನಿನಲ್ಲಿ ಒಂದು ಜೋಡಿ ತರಿಸಿದೆ. 'ಎಲ್ಲ ಸೈಕಲ್ಲಿಗೂ ಹೊಂದುತ್ತದೆ' ಅಂತ ಬರೆದಿತ್ತು. ಫ್ರೇಮಿನ ಚೀಲದ ಮೂತಿ ಮುಂದಿನ ಮೂಲೆಗೆ ತಲುಪಲೇ ಇಲ್ಲ, ಹೊಟ್ಟೆ ಮಾತ್ರ ಉಬ್ಬಿ ತೊಡೆಗೆ ಉಜ್ಜುತ್ತಿತ್ತು. ಸೀಟಿನ ಚೀಲದ ಕಥೆ ಇನ್ನೂ ಚೆಂದ. ಗಿಡ್ಡ ಸೈಕಲ್ಲಿನಲ್ಲಿ ಸೀಟಿಗೂ ಹಿಂದಿನ ಟೈರಿಗೂ ಜಾಗವೇ ಕಡಿಮೆ ಅಲ್ವಾ? ದೇವಿಮನೆ ಇಳಿಯುವಾಗ ಹೊಂಡಕ್ಕೊಮ್ಮೆ ಚೀಲ ಟೈರಿಗೆ ತಾಗಿ, ಕುಮಟೆ ಮುಟ್ಟುವಷ್ಟರಲ್ಲಿ ತಳದಲ್ಲಿ ಹೆಬ್ಬೆರಳು ತೂರುವಷ್ಟು ತೂತು.

ಹೊರದೇಶದಲ್ಲಿ ಅಳತೆಗೆ ಹೊಲಿದು ಕೊಡುವವರು ಇದ್ದಾರೆ. ಸೈಕಲ್ಲಿನ ಪಕ್ಕ ಸ್ಕೇಲು ಹಿಡಿದು ಫೋಟೋ ತೆಗೆದು ಕಳಿಸಿ, ಇಲ್ಲವೇ ರಟ್ಟಿನಲ್ಲಿ ಆಕಾರ ಕತ್ತರಿಸಿ ಕಳಿಸಿ ಅಂತಾರೆ. ಅಂಚೆ, ಸುಂಕ ಎಲ್ಲ ಸೇರಿದರೆ ನನ್ನ ಸೈಕಲ್ಲಿಗಿಂತ ಚೀಲವೇ ದುಬಾರಿ. ಆದರೆ ರಟ್ಟು ಕತ್ತರಿಸುವ ಉಪಾಯಕ್ಕೆ ದುಡ್ಡು ಕೊಡಬೇಕಾಗಿಲ್ಲವಲ್ಲ.

ಫ್ರಿಜ್ಜಿನ ಡಬ್ಬದ ರಟ್ಟನ್ನು ಫ್ರೇಮಿಗೆ ಒತ್ತಿ ಹಿಡಿದು ಪೆನ್ಸಿಲ್ಲಿನಲ್ಲಿ ಗೆರೆ ಎಳೆದೆ. ಕೇಬಲ್ ಎಲ್ಲಿ ಹೋಗುತ್ತದೆ, ಪಟ್ಟಿ ಎಲ್ಲೆಲ್ಲಿ ಸುತ್ತಬಹುದು ಅಂತ ಗುರುತು ಹಾಕಿದೆ. ಆಮೇಲೆ ಸುತ್ತಲೂ 5 ಮಿಲಿಮೀಟರ್ ಒಳಗೆ ಕತ್ತರಿಸಿದೆ. ಚೀಲ ತುಂಬಿದಾಗ ಉಬ್ಬುತ್ತದೆ. ಫ್ರೇಮಿನಷ್ಟೇ ಅಳತೆಗೆ ಹೊಲಿದರೆ ಪಟ್ಟಿ ಎಳೆದು ಬಿಗಿಯಲು ಜಾಗವೇ ಇರುವುದಿಲ್ಲ. ಅಗಲ ಮುಂದೆ 7 ಸೆಂಟಿಮೀಟರ್, ಸೀಟಿನ ಪೈಪಿನ ಹತ್ತಿರ 5. ತೊಡೆ ಉಜ್ಜುವುದು ಹಿಂದೆಯೇ.

ಇನ್ನು ಹೊಲಿಯುವವರು ಯಾರು? ಬಟ್ಟೆ ಹೊಲಿಯುವ ಟೇಲರ್ ಮಿಷನ್ನಿನಲ್ಲಿ ಈ ದಪ್ಪಕ್ಕೆ ಸೂಜಿ ಮುರಿಯುತ್ತದೆ. ಆಟೋ ಹುಡ್, ಬೈಕ್ ಸೀಟು ಹೊಲಿಯುವವರನ್ನು ಹುಡುಕಿ ಅನ್ನುವುದು ನನ್ನ ಸಲಹೆ. ಶಿರಸಿ ಪೇಟೆಯಲ್ಲಿ ನನಗೆ ಸಿಕ್ಕ ಮಾಸ್ಟ್ರು ರಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಹೆಗಡೇರೆ, ಆಟೋಕ್ಕೆ ಹೊಲ್ದಿದ್ದೇನೆ, ಲಾರಿಗೆ ಹೊಲ್ದಿದ್ದೇನೆ. ಸೈಕಲ್ಲಿನ ಹೊಟ್ಟೆಗೆ ಇದೇ ಮೊದಲು."

ಮೊದಲು ರೆಕ್ಸಿನ್ ತೋರಿಸಿದರು. ನಾನೂ ಹೂಂ ಅಂದೆ. ತಪ್ಪು ನನ್ನದೇ. ರೆಕ್ಸಿನ್ ಭಾರ, ಬಿಗುಸು. ಮಳೆಗಾಲದಲ್ಲಿ ನೀರು ಹೊಲಿಗೆಯ ತೂತಿನಿಂದ ಒಳಗೆ ಬಂತು, ಹೊರಗೆ ಹೋಗಲಿಲ್ಲ. ಎಂಟು ದಿನಕ್ಕೆ ಒಳಗೆಲ್ಲ ಬೂಷ್ಟು. ಇನ್ನೊಂದು ಎಡವಟ್ಟೂ ಆಗಿತ್ತು. ರಟ್ಟಿನ ಮೇಲೆ ಬಲ ಯಾವುದು, ಎಡ ಯಾವುದು ಅಂತ ಬರೆಯಲು ಮರೆತಿದ್ದೆ. ದೊಡ್ಡ ಜಿಪ್ಪು ಎಡಕ್ಕೆ ಬಂತು. ನಾನು ಗೋಡೆಗೆ ಸೈಕಲ್ ಒರಗಿಸುವುದೂ ಎಡಕ್ಕೇ.

ಎರಡನೇ ಸಲ ಸಾಮಾನು ನಾನೇ ತಂದೆ. 500 ಡೆನಿಯರ್ (ಎಳೆಯ ದಪ್ಪದ ಲೆಕ್ಕ) ಕಾರ್ಡುರಾ ಅನ್ನುವ ಗಟ್ಟಿ ನೈಲಾನ್ ಬಟ್ಟೆ, ಒಂದು ಬದಿಗೆ ನೀರು ತಡೆಯುವ ಪಿಯು ಲೇಪ ಇರುವುದು. ಲೇಪ ಒಳಗೆ ಬರಬೇಕು. ವೈಕೆಕೆ ಕಂಪನಿಯ 10ನೇ ನಂಬರಿನ ದಪ್ಪ ನೈಲಾನ್ ಜಿಪ್ಪು. ಒಂದು ಇಂಚಿನ ನೈಲಾನ್ ಪಟ್ಟಿ, ವೆಲ್ಕ್ರೋ. ನೂಲು ಹತ್ತಿಯದಲ್ಲ, ಸೀಟು ಹೊಲಿಯುವ ನೈಲಾನ್ ನೂಲು. ಹತ್ತಿ ಒದ್ದೆಯಾಗಿ ಕೊಳೆಯುತ್ತದೆ. 'ವಾಟರ್‌ಪ್ರೂಫ್' ಜಿಪ್ಪು ತರಲಿಲ್ಲ. ಕೆಸರು ಕೂತರೆ ಅದು ಜಗ್ಗಿದರೂ ಬರುವುದಿಲ್ಲ. ಮಾಸ್ಟ್ರು ಜಿಪ್ಪಿನ ಮೇಲೆ ಎರಡು ಬೆರಳಗಲದ ಬಟ್ಟೆಯ ಮುಚ್ಚಿಗೆ ಇಳಿಬಿಟ್ಟರು, ಆಟೋದ ಮಳೆ ಪರದೆಯ ಹಾಗೆ.

ಅವರ ಕೈಕೆಲಸ ನೋಡುತ್ತಾ ಅರ್ಧ ದಿನ ಅಲ್ಲೇ ಕೂತಿದ್ದೆ. ಕತ್ತರಿಸಿದ ಅಂಚನ್ನೆಲ್ಲ ಮೇಣದ ಬತ್ತಿಗೆ ಹಿಡಿದು ಸುಟ್ಟರು, ಎಳೆ ಬಿಡದಿರಲಿ ಅಂತ. ಪಟ್ಟಿ ಕೂರುವ ಜಾಗದಲ್ಲಿ ಚೌಕ ಹೊಲಿದು ಅದರೊಳಗೆ ಅಡ್ಡಡ್ಡ ಎರಡು ಗೀಟು ಹೊಡೆದರು. ಜಿಪ್ಪನ್ನು ಮೂಲೆಯ ತನಕ ಒಯ್ಯಲಿಲ್ಲ, ಎರಡೂ ಕಡೆ ಒಂದು ಇಂಚು ಬಿಟ್ಟರು. "ಮೂಲೆಯಲ್ಲೇ ಮೊದಲು ಬಾಯಿ ಬಿಡೋದು" ಅಂದರು. ಇದನ್ನು ನಾನು ಹೇಳಿರಲಿಲ್ಲ.

ನಾನು ಹೇಳಿದ್ದು ಒಂದೇ: ತಳದ ಮೂಲೆಯಲ್ಲಿ ಶೂ ಲೇಸಿನ ಐಲೆಟ್ ಎರಡು ಹೊಡೆಯಿರಿ. ಮಾಸ್ಟ್ರು ನನ್ನ ಮುಖ ನೋಡಿದರು. ಚೀಲಕ್ಕೆ ನಾವೇ ತೂತು ಹಾಕುವುದಾ? ಹೌದು. ನಮ್ಮ ಘಟ್ಟದ ಮಳೆಗೆ ಸಾವಿರ ಸೂಜಿ ತೂತಿರುವ ಚೀಲ ನೀರು ತಡೆಯುತ್ತದೆ ಅನ್ನುವುದು ಸುಮ್ನೆ ಮಾತು. ಬಂದ ನೀರು ಹೋಗಲಿ. ಒಳಗಿನ ಸಾಮಾನಿಗೆ ಬೇರೆ ಪ್ಲಾಸ್ಟಿಕ್ ಚೀಲ ಇರಲಿ. ಆ ಪ್ಲಾಸ್ಟಿಕ್ಕಿಗೂ ಎಲ್ಲೂ ಹೋಗಲಿಲ್ಲ. ಕೊಳೆರೋಗ ಬಾರದಿರಲಿ ಅಂತ ಅಡಿಕೆ ಗೊನೆಗೆ ಕಟ್ಟುವ ಪ್ಲಾಸ್ಟಿಕ್ ಕೊಟ್ಟೆ ಮನೆಯಲ್ಲಿ ಮಿಕ್ಕಿತ್ತು. ಆಯಿ ನೋಡಿ ನಕ್ಕಳು: "ಸೈಕಲ್ಲಿಗೂ ಕೊಟ್ಟೆ ಕಟ್ತ್ಯಾ ತಮಾ?"

ಸೀಟಿನ ಚೀಲ ಬೇಗ ಮುಗಿಯಿತು. ಬಾಯಿ ಸುರುಳಿ ಸುತ್ತುವ ಥರದ್ದು. ತಳಕ್ಕೆ ಹಳೆಯ ಎಣ್ಣೆ ಕ್ಯಾನಿನ ಪ್ಲಾಸ್ಟಿಕ್ ಕತ್ತರಿಸಿ ಒಳಗೆ ಸೇರಿಸಿದೆವು, ಜೋತು ಬೀಳದ ಹಾಗೆ. ಸೀಟಿನ ಕಂಬಿಯಿಂದ ಟೈರಿಗೆ 14 ಸೆಂಟಿಮೀಟರ್ ಇತ್ತು, ಚೀಲದ ಎತ್ತರ ಅಲ್ಲಿ 9ಕ್ಕೆ ನಿಲ್ಲಿಸಿದೆವು. ಅದಕ್ಕೆ ಬಟ್ಟೆ, ಹೊದಿಕೆ ಮಾತ್ರ. ಭಾರ ಹಾಕಿದರೆ ನಾಯಿ ಬಾಲದ ಹಾಗೆ ಅಲ್ಲಾಡುತ್ತದೆ. ಸಾಮಾನಿಗೆ ಎರಡು ಸಾವಿರದ ಚಿಲ್ಲರೆ ಆಯಿತು, ಮಜೂರಿ 700. ನಾನು ಒಂದು ಸಾವಿರ ಕೊಟ್ಟೆ, ಮೊದಲ ಚೀಲದ ಪಾಪಕ್ಕೆ.

ಅಕ್ಟೋಬರಿನಲ್ಲಿ, ಮಳೆ ಮುಗಿಯಿತು ಅಂದುಕೊಂಡ ವಾರ ಹೊರಟೆ. ದೇವಿಮನೆಯಲ್ಲಿ ಹಿಡಿದ ಮಳೆ ಕುಮಟೆ ತನಕ ಬಿಡಲಿಲ್ಲ. ಟೈರಿಗೆ ಏನೂ ತಾಗಲಿಲ್ಲ. ಪಟ್ಟಿ ಉಜ್ಜಿ ಮೇಲಿನ ಪೈಪಿನ ಪೇಂಟು ಮಾತ್ರ ಸ್ವಲ್ಪ ಹೋಯಿತು. ಹಳೆಯ ಟ್ಯೂಬಿನ ತುಂಡು ಮೊದಲೇ ಸುತ್ತಬೇಕಿತ್ತು. ಕುಮಟೆ ಹತ್ತಿರದ ಅಘನಾಶಿನಿ ಊರಿನಲ್ಲಿ ಹೊಳೆಯಾಚೆಯ ತದಡಿಗೆ ದಾಟುವ ದೋಣಿಯಲ್ಲಿ ಸೈಕಲ್ ನಿಲ್ಲಿಸಿದಾಗ ಐಲೆಟ್ಟಿನಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ದೋಣಿಯವರು ಬಗ್ಗಿ ನೋಡಿ, "ನಿಮ್ಮ ಚೀಲ ಸೋರ್ತದಲ್ರೀ" ಅಂದರು. ನಾನು ಬಲಗಡೆಯ ಜಿಪ್ಪು ತೆಗೆದು, ಕೊಟ್ಟೆಯ ಗಂಟು ಬಿಚ್ಚಿ, ಆಯಿ ಕಟ್ಟಿಕೊಟ್ಟ ತೊಡೆದೇವು, ಹಾಳೆಯಷ್ಟು ತೆಳು ಗರಿಗರಿ ಸಿಹಿ, ಅವರ ಮುಂದೆ ಹಿಡಿದೆ. ಪೂರ್ತಿ ಪುಡಿಯಾಗಿತ್ತು. ಆದರೆ ಮೆತ್ತಗಾಗಿರಲಿಲ್ಲ.