ಶೂಟಿಂಗ್ ಬೇಗ ಮುಗಿಸಿ, ಎಡಿಟಿಂಗ್‌ಗೆ ಟೈಮ್ ಕೊಡಿ

ಟೈಮ್ ಜಾಸ್ತಿ ಕೊಟ್ಟರೆ ಹುಡುಗರಿಗೆ ಒಳ್ಳೆ ಐಡಿಯಾ ಹೊಳೆಯುತ್ತದೆ ಅಂತ ಕಿರುಚಿತ್ರ ಕಲಿಸುವ ತುಂಬಾ ಮೇಷ್ಟ್ರುಗಳು ನಂಬಿದ್ದಾರೆ. ನಾನು ಕಂಡಂತೆ ಹಾಗಾಗುವುದಿಲ್ಲ. ಎರಡು ವಾರ ಕೊಟ್ಟರೆ ಅಷ್ಟೂ ದಿನ ಬರೀ ಚರ್ಚೆ, ಕೊನೇ ದಿನ ಕ್ಯಾಮೆರಾ. ಕಥೆಯೂ ಅದೇ, ಹುಡುಗ, ಹುಡುಗಿ, ಬೈಕು, ಆಕ್ಸಿಡೆಂಟು.

ಮೊದಲ ದಿನವೇ ಶೂಟಿಂಗ್‌ಗೆ ಕಳಿಸಿ. ಕೆಲಸ ಇಷ್ಟೇ: 50 ಸೆಕೆಂಡಿನ ಒಂದು ಶಾಟ್. 1895ರಲ್ಲಿ, ಸಿನಿಮಾ ಶುರುವಾದ ಕಾಲದಲ್ಲಿ, ಫ್ರಾನ್ಸಿನ ಲೂಮಿಯೇರ್ ಸಹೋದರರ ಕ್ಯಾಮೆರಾದಲ್ಲಿ ಹಿಡಿಸುತ್ತಿದ್ದದ್ದು ಸುಮಾರು 17 ಮೀಟರ್ ಫಿಲ್ಮ್, ಓಡಿದರೆ ಅಷ್ಟೇ ಹೊತ್ತು. ಫೋನು ಟ್ರೈಪಾಡ್ ಮೇಲಿರಲಿ. ಜೂಮ್ ಬೇಡ, ಪ್ಯಾನ್ ಬೇಡ, ಅಂದರೆ ಕ್ಯಾಮೆರಾ ಅತ್ತಿತ್ತ ತಿರುಗಿಸುವುದೂ ಬೇಡ. ಒಬ್ಬರಿಗೆ ಒಂದೇ ಟೇಕ್, ಡಿಲೀಟ್ ಮಾಡುವ ಹಾಗಿಲ್ಲ.

ನಾನು ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿಗೆ ಕರೆದುಕೊಂಡು ಹೋಗುತ್ತೇನೆ. ಟೇಕ್‌ಗೆ ಮಿತಿ ಇಲ್ಲದಿದ್ದರೆ ಎಲ್ಲರೂ ಬಂದ ತಕ್ಷಣ ಚೆಂಡುಹೂವಿನ ರಾಶಿಗೆ ಫೋನು ಹಿಡಿಯುತ್ತಾರೆ. ಒಂದೇ ಟೇಕ್ ಅಂದರೆ ಸುಮ್ನೆ ನಿಂತು ನೋಡುತ್ತಾರೆ. ಒಬ್ಬಳು ಮಾರು ಹಾಕಿ ಹೂವು ಅಳೆಯುವ ಕೈಯನ್ನಷ್ಟೇ ಹಿಡಿದಿದ್ದಳು. ಗಿರಾಕಿ ಚೌಕಾಸಿ ಮಾಡುವಷ್ಟು ಹೊತ್ತೂ ಆ ಕೈ ಎದೆಯ ಹತ್ತಿರವೇ ನಿಂತಿದೆ. ರೇಟು ಒಪ್ಪಿಗೆಯಾಯಿತು, ತೋಳು ಪೂರ್ತಿ ಚಾಚಿತು. ಫ್ರೇಮಿನಲ್ಲಿ ಯಾರ ಮುಖವೂ ಇಲ್ಲ, ಆದರೂ ಕಥೆ ಇದೆ ಅಲ್ವಾ? (ಅಂಗಡಿಯವರನ್ನು ಕೇಳಿಯೇ ಕ್ಯಾಮೆರಾ ಇಡಿ. ಎರಡು ಮೊಳ ಹೂವು ಕೊಂಡರೆ ಇನ್ನೂ ಒಳ್ಳೇದು.)

ಎಡಿಟಿಂಗ್‌ನಲ್ಲಿ ಮಾತ್ರ ಅವಸರಕ್ಕೆ ಬ್ರೇಕ್ ಹಾಕಿ. ಶಾಟ್ ಜೋಡಿಸುವ ಟೈಮ್‌ಲೈನ್ ಮುಟ್ಟುವ ಮೊದಲು ಎಲ್ಲ ರಶಸ್, ಅಂದರೆ ಶೂಟ್ ಮಾಡಿದ್ದನ್ನೆಲ್ಲ, ಒಮ್ಮೆ ಪೂರ್ತಿ ನೋಡಬೇಕು, ಫಾರ್ವರ್ಡ್ ಮಾಡದೆ. ಮೌಸ್ ನಿಮ್ಮ ಕೈಯಲ್ಲಿರಲಿ. ಗೊಣಗುತ್ತಾರೆ, ಗೊಣಗಲಿ. ಮೊದಲ ಕಟ್‌ಗೆ, ಅಂದರೆ ಮೊದಲ ಸಲ ಜೋಡಿಸಿದ ಚಿತ್ರಕ್ಕೆ, ಮ್ಯೂಸಿಕ್ ಕೊಡಬೇಡಿ. ಹಾಡು ಬಿದ್ದರೆ ಎಂಥ ಕಟ್ಟೂ ಚೆನ್ನಾಗೇ ಕಾಣುತ್ತದೆ. ಆಮೇಲೆ ಒಂದು ರಾತ್ರಿ ಬಿಟ್ಟುಬಿಡಿ. ನಿನ್ನೆ ಜಗಳವಾಡಿ ಉಳಿಸಿಕೊಂಡ ಶಾಟನ್ನು ಇವತ್ತು ಅವರೇ ಕಿತ್ತು ಹಾಕುತ್ತಾರೆ.

ಪ್ರತಿ ತಂಡದಲ್ಲೂ ನಿಧಾನದ ಹುಡುಗನೊಬ್ಬ ಇದ್ದೇ ಇರುತ್ತಾನೆ. ಬೇಗ ಬೇಗ ಅಂತ ಅವನ ಬೆನ್ನು ಹತ್ತಬೇಡಿ, ಸೌಂಡ್‌ಗೆ ಹಾಕಿ. ಪ್ರತಿ ಜಾಗದಲ್ಲೂ ಪ್ಯಾಕಪ್‌ಗೆ ಮುಂಚೆ 30 ಸೆಕೆಂಡ್ ಬರೀ ಆ ಜಾಗದ ಸದ್ದು ರೆಕಾರ್ಡ್ ಮಾಡಲಿ. ಅಷ್ಟು ಹೊತ್ತು ಡೈರೆಕ್ಟರೂ ಸೇರಿ ಎಲ್ಲರೂ ಅವನ ಮಾತು ಕೇಳಿ ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಎರಡು ಶಾಟಿನ ನಡುವೆ ಸದ್ದು ಕಡಿದು ಹೋದಲ್ಲಿ ತುಂಬಲು ಅದು ಬೇಕೇ ಬೇಕು.